ಎಷ್ಟು ಸಲ ಅರ್ಧ ಮಾಡಬೇಕು? ವಿಕಿರಣದ ಗೋಡೆಗೊಂದು ಲೆಕ್ಕ

ವಿಕಿರಣದ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು ಗೋಡೆಯ ದಪ್ಪವನ್ನು. ಸೀಸ ಎಷ್ಟು ಸೆಂಟಿಮೀಟರ್ ಬೇಕು, ಕಾಂಕ್ರೀಟ್ ಆದರೆ ಎಷ್ಟು? ಅದಕ್ಕೆ ನಾನು ಕೂಡಲೇ ಉತ್ತರ ಕೊಡುವುದಿಲ್ಲ. ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಡೋಸನ್ನು, ಅಂದರೆ ಮೈಗೆ ತಗಲುವ ವಿಕಿರಣದ ಪ್ರಮಾಣವನ್ನು, ಎಷ್ಟು ಸಲ ಅರ್ಧ ಮಾಡಬೇಕು? ಇದಕ್ಕೆ ಉತ್ತರ ಸಿಕ್ಕಿದರೆ ದಪ್ಪ ತಾನಾಗಿ ಸಿಗುತ್ತದೆ. ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವ ಮಾತು ಇದೇ. ಇದನ್ನು ಕಂಪ್ಯೂಟರ್ ಇಲ್ಲದೆ ಮಾಡೋಣ. ಕಂಪ್ಯೂಟರ್ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಅದು ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ಗುರುತಿಸಲು ತಲೆಯಲ್ಲಿ ಒಂದು ಅಂದಾಜು ಮೊದಲೇ ಇರಬೇಕು.

ಗೋಡೆಗೆ ಹೋಗುವ ಮುಂಚೆ ಕಾಲದ ಲೆಕ್ಕ ನೋಡೋಣ. 1900ರಲ್ಲಿ ಭೌತವಿಜ್ಞಾನಿ ರುದರ್‌ಫರ್ಡ್ ಥೋರಿಯಂನಿಂದ ಹೊರಡುವ ವಿಕಿರಣಶೀಲ ಅನಿಲವನ್ನು ಬೇರೆ ಮಾಡಿ ಅಳೆಯುತ್ತಿದ್ದರು. ಅದರ ಬಲ ಸುಮಾರು ಒಂದು ನಿಮಿಷಕ್ಕೆ ಅರ್ಧ ಆಗುತ್ತಿತ್ತು. ಇನ್ನೊಂದು ನಿಮಿಷಕ್ಕೆ ಉಳಿದದ್ದರ ಅರ್ಧ. ಎಷ್ಟು ಇತ್ತು ಎನ್ನುವುದು ಮುಖ್ಯವೇ ಅಲ್ಲ, ಪ್ರತಿ ಸಲವೂ ಅಷ್ಟೇ ಹೊತ್ತಿಗೆ ಅರ್ಧ. ಇದಕ್ಕೆ ಕಾರಣ ಸರಳ, ಆದರೆ ಆಳವಾದದ್ದು. ಪರಮಾಣುವಿಗೆ ಮುಪ್ಪು ಇಲ್ಲ. ನೂರು ವರ್ಷದಿಂದ ಕಾಯುತ್ತಿರುವ ಸೀಸಿಯಂ ಪರಮಾಣುವಿಗೂ ನಿನ್ನೆ ಹುಟ್ಟಿದ ಸೀಸಿಯಂ ಪರಮಾಣುವಿಗೂ ಮುಂದಿನ ಒಂದು ಸೆಕೆಂಡಿನಲ್ಲಿ ಒಡೆಯುವ ಸಾಧ್ಯತೆ ಒಂದೇ. ಹಾಗಾಗಿ ಒಡೆಯುವವರ ಸಂಖ್ಯೆ ಉಳಿದವರ ಸಂಖ್ಯೆಗೆ ತಕ್ಕಂತೆ ಇರುತ್ತದೆ. ಅರ್ಧಾಯು, ಅಂದರೆ ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲ, ಎಂಬ ಅಳತೆ ಅಲ್ಲಿಂದಲೇ ಬರುತ್ತದೆ.

ನಾವು ದಿನವೂ ಬಳಸುವ ಕೆಲವು ಅಂಕಿಗಳನ್ನು ನೆನಪಿಟ್ಟುಕೊಳ್ಳಿ. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ. ಸೀಸಿಯಂ-137 ಸುಮಾರು 30 ವರ್ಷ. ವೆಲ್ಡಿಂಗ್ ಪರೀಕ್ಷೆಗೆ ಬಳಸುವ ಇರಿಡಿಯಂ-192 ಸುಮಾರು 74 ದಿನ. ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್-131 ಎಂಟು ದಿನ. ಸ್ಕ್ಯಾನಿಂಗ್‌ಗೆ ಬಳಸುವ ಟೆಕ್ನೀಷಿಯಂ-99ಎಂ ಆರು ಗಂಟೆ.

ಈಗ ಲೆಕ್ಕ. ಕಳೆದ ಕಾಲವನ್ನು ಅರ್ಧಾಯುವಿನಿಂದ ಭಾಗಿಸಿ. ಬಂದ ಸಂಖ್ಯೆಯಷ್ಟು ಸಲ ಅರ್ಧ ಮಾಡಿ. ಇರಿಡಿಯಂ ಮೂಲ (ವಿಕಿರಣ ಹೊರಡಿಸುವ ತುಂಡು) 222 ದಿನ ಹಳೆಯದು ಎಂದರೆ ಮೂರು ಅರ್ಧಾಯು, ಉಳಿದದ್ದು ಎಂಟನೇ ಒಂದು ಭಾಗ. 100 ದಿನ ಆದರೆ? 100 ಭಾಗಿಸು 74, ಅಂದರೆ 1.35. 2ರ ಘಾತ 1.35 ಎಷ್ಟು ಎಂದು ಕ್ಯಾಲ್ಕುಲೇಟರ್‌ನಲ್ಲಿ ನೋಡಿದರೆ 2.55 ಬರುತ್ತದೆ. ಮೂಲ ಅಷ್ಟು ಪಟ್ಟು ಇಳಿದಿದೆ, ಅಂದರೆ ಸುಮಾರು ನೂರಕ್ಕೆ 39 ಉಳಿದಿದೆ. ಅರ್ಧಾಯುಗಳ ಸಂಖ್ಯೆ ಪೂರ್ಣಾಂಕ ಆಗಿರಲೇಬೇಕು ಎಂದೇನಿಲ್ಲ. ಹೊಸಬರು ಹೆಚ್ಚಾಗಿ ತಡವರಿಸುವುದು ಇಲ್ಲೇ. ಒಂದೂವರೆ ಅರ್ಧಾಯು ಆದರೆ ಅರ್ಧ ಮತ್ತು ಕಾಲಿನ ನಡುವೆ ಸರಿಯಾಗಿ ಮಧ್ಯದ 0.375 ಎಂದು ಬರೆದುಬಿಡುತ್ತಾರೆ. ನಿಜವಾದ ಉತ್ತರ 0.354. ರೇಖೆ ನೇರ ಇಲ್ಲ, ಬಾಗಿದೆ.

ಈ ಲೆಕ್ಕ ಕಾಗದದ ಮೇಲಷ್ಟೇ ಇರುವುದಿಲ್ಲ ಎನ್ನುವುದಕ್ಕೆ ಒಂದು ದುಃಖದ ಉದಾಹರಣೆ ಇದೆ. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ, ಬಿಟ್ಟುಹೋದ ಕ್ಲಿನಿಕ್ ಒಂದರಲ್ಲಿದ್ದ ಚಿಕಿತ್ಸಾ ಯಂತ್ರದ ಸೀಸಿಯಂ-137 ಮೂಲವನ್ನು ಅದೇನೆಂದು ಗೊತ್ತಿಲ್ಲದ ಜನ ಬಿಚ್ಚಿದರು. ನಾಲ್ಕು ಜನ ತೀರಿಕೊಂಡರು. 1971ರಲ್ಲಿ ಅದರ ಬಲ 74 ಟೆರಾಬೆಕೆರೆಲ್ ಇತ್ತು (ಒಂದು ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು, ಟೆರಾ ಎಂದರೆ ಲಕ್ಷ ಕೋಟಿ). ನೀವೇ ಲೆಕ್ಕ ಹಾಕಿ. ಕಳೆದದ್ದು 16 ವರ್ಷ, ಅದನ್ನು 30.1ರಿಂದ ಭಾಗಿಸಿದರೆ 0.53. ಉಳಿಯಬೇಕಾದದ್ದು ನೂರಕ್ಕೆ 69, ಅಂದರೆ 51 ಟೆರಾಬೆಕೆರೆಲ್. ಅಪಘಾತದ ವರದಿಯಲ್ಲಿ ಇರುವ ಅಂಕಿ 50.9. ಹದಿನಾರು ವರ್ಷ ಆದರೂ ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ಹಾಗೇ ಇತ್ತು. ಯಂತ್ರ ಹಳತಾಯಿತು, ಕಟ್ಟಡ ಪಾಳುಬಿತ್ತು, ಸೀಸಿಯಂ ಮಾತ್ರ ತನ್ನ ಲೆಕ್ಕದಲ್ಲೇ ನಡೆಯಿತು.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಹತ್ತು ಅರ್ಧಾಯು ಕಳೆದರೆ ಮೂಲ ಮುಗಿದ ಹಾಗೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಹತ್ತು ಸಲ ಅರ್ಧ ಮಾಡಿದರೆ 1024 ಪಟ್ಟು ಕಡಿಮೆ ಆಗುತ್ತದೆ, ನಿಜ. ಆದರೆ ಯಾವುದರ 1024ನೇ ಭಾಗ? ಟೆಕ್ನೀಷಿಯಂ ಚುಚ್ಚುಮದ್ದಿನ ಸಿರಿಂಜ್ ಆದರೆ ಪರವಾಗಿಲ್ಲ. ಇರಿಡಿಯಂ ಮೂಲ 3.7 ಟೆರಾಬೆಕೆರೆಲ್ ಇತ್ತು ಎಂದುಕೊಳ್ಳಿ. ಹತ್ತು ಅರ್ಧಾಯು, ಅಂದರೆ ಎರಡು ವರ್ಷ ಆದ ಮೇಲೂ 3.6 ಗಿಗಾಬೆಕೆರೆಲ್ (ಗಿಗಾ ಎಂದರೆ ಟೆರಾದ ಸಾವಿರನೇ ಒಂದು ಭಾಗ) ಉಳಿದಿರುತ್ತದೆ. ಒಂದು ಮೀಟರ್ ದೂರದಲ್ಲಿ ಅದರ ಡೋಸ್ ಗಂಟೆಗೆ ಸುಮಾರು ಅರ್ಧ ಮಿಲಿಸೀವರ್ಟ್ (ಸೀವರ್ಟ್ ಎನ್ನುವುದು ಡೋಸಿನ ಅಳತೆ). ಸಾರ್ವಜನಿಕರಿಗೆ ಇಡೀ ವರ್ಷಕ್ಕೆ ಇರುವ ಮಿತಿಯೇ 1 ಮಿಲಿಸೀವರ್ಟ್. ಅದರ ಹತ್ತಿರ ಎರಡು ಗಂಟೆ ಕೂತರೆ ಮುಗಿಯಿತು. ಆದ್ದರಿಂದ ಎಷ್ಟು ಅರ್ಧ ಕಳೆಯಿತು ಎನ್ನುವುದರ ಜೊತೆಗೆ ಎಲ್ಲಿಂದ ಶುರುವಾಯಿತು, ಎಲ್ಲಿಗೆ ಮುಟ್ಟಬೇಕು ಎಂಬುದನ್ನೂ ಕೇಳಲೇಬೇಕು.

ಈಗ ಗೋಡೆಗೆ ಬರೋಣ. ಗಾಮಾ ಕಿರಣ ವಸ್ತುವಿನೊಳಗೆ ಹೋಗುವಾಗ ಅಲ್ಲಿಯೂ ಇದೇ ಕಥೆ. ಗಾಮಾ ಫೋಟಾನ್, ಅಂದರೆ ಆ ಕಿರಣದ ಒಂದು ಕಣ, ತಾನು ಈಗಾಗಲೇ ಎಷ್ಟು ಸೆಂಟಿಮೀಟರ್ ದಾಟಿ ಬಂದೆ ಎಂದು ನೆನಪಿಟ್ಟುಕೊಳ್ಳುವುದಿಲ್ಲ. ಮುಂದಿನ ಒಂದು ಮಿಲಿಮೀಟರ್‌ನಲ್ಲಿ ಡಿಕ್ಕಿ ಹೊಡೆಯುವ ಸಾಧ್ಯತೆ ಅದಕ್ಕೆ ಯಾವಾಗಲೂ ಒಂದೇ. ಹಾಗಾಗಿ ಇಂತಿಷ್ಟು ದಪ್ಪಕ್ಕೆ ಅರ್ಧ, ಮತ್ತೆ ಅಷ್ಟೇ ದಪ್ಪಕ್ಕೆ ಇನ್ನರ್ಧ. ಆ ದಪ್ಪವನ್ನು ನಮ್ಮವರು ಎಚ್‌ವಿಎಲ್ ಎನ್ನುತ್ತಾರೆ, ನಾನು ಅರ್ಧಪದರ ಎನ್ನುತ್ತೇನೆ. ಹತ್ತನೇ ಒಂದಕ್ಕೆ ಇಳಿಸುವ ದಪ್ಪ ಟಿವಿಎಲ್. ಅದು ಅರ್ಧಪದರದ 3.32 ಪಟ್ಟು.

ಕೋಬಾಲ್ಟ್-60ಕ್ಕೆ ಅರ್ಧಪದರ ಸೀಸದಲ್ಲಿ 1.2 ಸೆಂ.ಮೀ., ಉಕ್ಕಿನಲ್ಲಿ ಸುಮಾರು 2.1, ಕಾಂಕ್ರೀಟ್‌ನಲ್ಲಿ 6.2. ಸೀಸಿಯಂ-137ರ ಗಾಮಾ ಸ್ವಲ್ಪ ಮೆದು, 0.662 ಎಂಇವಿ (ಕಿರಣದ ಶಕ್ತಿಯ ಅಳತೆ). ಅದಕ್ಕೆ ಸೀಸದಲ್ಲಿ 0.65, ಕಾಂಕ್ರೀಟ್‌ನಲ್ಲಿ 4.8 ಸೆಂ.ಮೀ. ಸಾಕು.

ಒಂದು ಪೂರ್ತಿ ಲೆಕ್ಕ ಮಾಡೋಣ, ನಿಧಾನವಾಗಿ. ಕೋಬಾಲ್ಟ್-60ರ 37 ಗಿಗಾಬೆಕೆರೆಲ್ ಮೂಲ ಇದೆ, ಹಳೆಯ ಅಳತೆಯಲ್ಲಿ ಒಂದು ಕ್ಯೂರಿ. ಒಂದು ಗಿಗಾಬೆಕೆರೆಲ್ ಕೋಬಾಲ್ಟ್ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 0.35 ಮಿಲಿಸೀವರ್ಟ್ ಕೊಡುತ್ತದೆ. ಹಾಗಾದರೆ 37ಕ್ಕೆ ಸುಮಾರು 13 ಮಿಲಿಸೀವರ್ಟ್. ಕೆಲಸಗಾರ ಕೂರುವ ಜಾಗ ಎರಡು ಮೀಟರ್ ದೂರ. ದೂರ ಎರಡು ಪಟ್ಟಾದರೆ ಡೋಸ್ ನಾಲ್ಕನೇ ಒಂದು. ಅಂದರೆ 3.25 ಮಿಲಿಸೀವರ್ಟ್, ಅಥವಾ 3250 ಮೈಕ್ರೋಸೀವರ್ಟ್. ಗೋಡೆ ಇಲ್ಲದೆ ಅಲ್ಲಿ ಆರು ಗಂಟೆ ಚಿಲ್ಲರೆ ಕೂತರೆ ಕೆಲಸಗಾರರ ವರ್ಷದ ಮಿತಿಯಾದ 20 ಮಿಲಿಸೀವರ್ಟ್ ಮುಗಿದುಹೋಗುತ್ತದೆ.

ಗುರಿ ಏನು? ವಿಕಿರಣದ ಕೆಲಸಗಾರರಿಗೆ ಅಂತರರಾಷ್ಟ್ರೀಯ ಶಿಫಾರಸು ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ವರ್ಷಕ್ಕೆ 2000 ಗಂಟೆ ಕೆಲಸ ಎಂದರೆ ಗಂಟೆಗೆ 10 ಮೈಕ್ರೋಸೀವರ್ಟ್. 3250ನ್ನು 10ಕ್ಕೆ ಇಳಿಸಬೇಕು, ಅಂದರೆ 325 ಪಟ್ಟು. ಎಷ್ಟು ಸಲ ಅರ್ಧ? ಎಂಟು ಸಲ ಮಾಡಿದರೆ 256, ಒಂಬತ್ತು ಸಲ ಮಾಡಿದರೆ 512. ಉತ್ತರ ಎಂಟು ಮತ್ತು ಒಂಬತ್ತರ ನಡುವೆ ಇದೆ ಎಂದು ಕೂತಲ್ಲೇ ಗೊತ್ತಾಯಿತು, ಅಲ್ವಾ? ನಿಖರವಾಗಿ ಬೇಕಾದರೆ 325ರ ಲಾಗ್ ತೆಗೆದು 2ರ ಲಾಗ್‌ನಿಂದ ಭಾಗಿಸಿ. 8.34 ಬರುತ್ತದೆ.

ಈ 8.34ನ್ನು ಒಂದು ಕ್ಷಣ ಹಿಡಿದುಕೊಳ್ಳಿ. ಸೀಸಕ್ಕೆ 1.2ರಿಂದ ಗುಣಿಸಿ, 10 ಸೆಂ.ಮೀ. ಉಕ್ಕಿಗೆ 17.5 ಸೆಂ.ಮೀ. ಕಾಂಕ್ರೀಟ್‌ಗೆ 52 ಸೆಂ.ಮೀ. ಗೋಡೆಯೇ ಕಟ್ಟದೆ ಮೂಲ ತಾನಾಗಿ ಇಳಿಯಲಿ ಎಂದು ಕಾದರೆ 8.34ನ್ನು 5.27ರಿಂದ ಗುಣಿಸಿ, 44 ವರ್ಷ. ಗೋಡೆಯೂ ಬೇಡ, ಕಾಯುವುದೂ ಬೇಡ, ದೂರ ಹೋಗುತ್ತೇನೆ ಎಂದರೆ? ದೂರ 1.41 ಪಟ್ಟು ಆದರೆ ಒಂದು ಅರ್ಧ. ಆ ಲೆಕ್ಕದಲ್ಲಿ 2 ಮೀಟರ್ ಇದ್ದದ್ದು 36 ಮೀಟರ್ ಆಗಬೇಕು. ಸೀಸ, ಕಾಂಕ್ರೀಟ್, ವರ್ಷ, ಮೀಟರ್ ಎಲ್ಲ ಬೇರೆ ಬೇರೆ. ಅವುಗಳ ಹಿಂದಿರುವ ಸಂಖ್ಯೆ ಒಂದೇ. ಇವನ್ನು ಬೆರೆಸಲೂಬಹುದು. ನಾಲ್ಕು ಅರ್ಧ ದೂರದಿಂದ, ಉಳಿದ 4.34 ಕಾಂಕ್ರೀಟ್‌ನಿಂದ ಎಂದು ಹಂಚಿಕೊಳ್ಳಬಹುದು. ಆಗ ಮೂಲದಿಂದ 8 ಮೀಟರ್ ದೂರ, 27 ಸೆಂ.ಮೀ. ಕಾಂಕ್ರೀಟ್. ವಿನ್ಯಾಸ ಮಾಡುವವರ ನಿಜವಾದ ಕೆಲಸ ಈ ಹಂಚಿಕೆಯೇ. ಎಲ್ಲಿ ಜಾಗ ಇದೆ, ಎಲ್ಲಿ ನೆಲ ಭಾರ ತಡೆಯುತ್ತದೆ, ಎಲ್ಲಿ ಯಾರೂ ಓಡಾಡುವುದಿಲ್ಲ ಎಂದು ನೋಡಿ ಅರ್ಧಗಳನ್ನು ಹಂಚುವುದು.

ಈಗ ಗೋಡೆಯ ಆಚೆ ಕೆಲಸಗಾರರ ಬದಲು ಸಾರ್ವಜನಿಕರು ಇದ್ದಾರೆ ಎಂದುಕೊಳ್ಳಿ. ಮಿತಿ 20 ಪಟ್ಟು ಬಿಗಿ ಆಗುತ್ತದೆ. ಗೋಡೆ 20 ಪಟ್ಟು ದಪ್ಪ ಆಗಬೇಕೇ? ಇಲ್ಲ. 20 ಪಟ್ಟು ಎಂದರೆ 4.32 ಅರ್ಧ ಅಷ್ಟೇ. 52 ಸೆಂ.ಮೀ. ಕಾಂಕ್ರೀಟ್ ಹೋಗಿ 79 ಸೆಂ.ಮೀ. ಆಗುತ್ತದೆ. ಗೋಡೆ ಒಂದೂವರೆ ಪಟ್ಟು, ರಕ್ಷಣೆ ಇಪ್ಪತ್ತು ಪಟ್ಟು. ಇದು ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಸಂಗತಿ. ಕಟ್ಟುವಾಗಲೇ ಇನ್ನೊಂದು ಅರ್ಧಪದರ ಸೇರಿಸಿ ಎಂದು ನಾನು ಯಾವಾಗಲೂ ಒತ್ತಾಯ ಮಾಡುವುದು ಇದಕ್ಕೇ. ಆರು ಸೆಂಟಿಮೀಟರ್ ಕಾಂಕ್ರೀಟ್ ಇಡೀ ಡೋಸನ್ನು ಅರ್ಧ ಮಾಡುತ್ತದೆ. ಕಟ್ಟಡ ಮುಗಿದ ಮೇಲೆ ಅದೇ ಆರು ಸೆಂಟಿಮೀಟರ್ ಸೇರಿಸುವುದು ಎಷ್ಟು ಕಷ್ಟ ಎಂದು ಕಟ್ಟಿದವರನ್ನು ಕೇಳಿ.

ಒಂದು ಎಚ್ಚರಿಕೆ. ಪುಸ್ತಕದ ಕೋಷ್ಟಕದಲ್ಲಿ ಕೋಬಾಲ್ಟ್‌ಗೆ ಸೀಸದ ಕ್ಷಯ ಗುಣಾಂಕ (ದಪ್ಪ ಏರಿದಂತೆ ಕಿರಣ ಎಷ್ಟು ಬೇಗ ಇಳಿಯುತ್ತದೆ ಎಂಬ ಅಂಕಿ) ನೋಡಿದರೆ ಒಂದು ಸೆಂಟಿಮೀಟರ್‌ಗೆ ಸುಮಾರು 0.667 ಎಂದು ಇರುತ್ತದೆ. 2ರ ಸ್ವಾಭಾವಿಕ ಲಾಗ್ ಆದ 0.693ನ್ನು ಅದರಿಂದ ಭಾಗಿಸಿದರೆ ಅರ್ಧಪದರ 1.04 ಸೆಂ.ಮೀ. ಬರುತ್ತದೆ. ಹಾಗಾದರೆ ನಾನು 1.2 ಎಂದದ್ದು ಯಾಕೆ? 1.04 ಎನ್ನುವುದು ಸಣ್ಣ ರಂಧ್ರದ ಮೂಲಕ ಬರುವ ತೆಳು ಕಿರಣಕ್ಕೆ. ಅಲ್ಲಿ ಒಮ್ಮೆ ಡಿಕ್ಕಿ ಹೊಡೆದ ಫೋಟಾನ್ ಅಳತೆಯಿಂದ ಹೊರಗೆ ಹೋಗುತ್ತದೆ. ನಿಜವಾದ ಗೋಡೆ ಅಗಲವಾಗಿರುತ್ತದೆ. ಡಿಕ್ಕಿ ಹೊಡೆದ ಫೋಟಾನ್ ಸಾಯುವುದಿಲ್ಲ, ದಿಕ್ಕು ಬದಲಿಸಿ, ಸ್ವಲ್ಪ ಶಕ್ತಿ ಕಳೆದುಕೊಂಡು ಇನ್ನೊಂದು ದಾರಿಯಲ್ಲಿ ನಿಮ್ಮ ಕಡೆಗೇ ಬರಬಹುದು. ಇದನ್ನೇ ಬಿಲ್ಡಪ್ ಎನ್ನುತ್ತಾರೆ. 1.2 ಎಂಬ ಅಂಕಿಯಲ್ಲಿ ಅದೂ ಸೇರಿದೆ. ನಮ್ಮ ಉದಾಹರಣೆಯಲ್ಲಿ 1.04 ಬಳಸಿದ್ದರೆ 8.7 ಸೆಂ.ಮೀ. ಸೀಸ ಸಾಕು ಎಂದು ಬರೆದಿರುತ್ತಿದ್ದೆವು. ವಿಕಿರಣ ಅಳೆಯುವ ಮೀಟರ್ ಇಟ್ಟು ನೋಡಿದಾಗ 10ರ ಜಾಗದಲ್ಲಿ 21 ಮೈಕ್ರೋಸೀವರ್ಟ್ ಕಾಣಿಸುತ್ತಿತ್ತು. ಸೂತ್ರ ಸರಿ, ಗುಣಾಕಾರ ಸರಿ, ಆದರೆ ಡೋಸ್ ಎರಡು ಪಟ್ಟು. ಕೋಷ್ಟಕ ತೆರೆದ ಕೂಡಲೇ ಇದು ತೆಳು ಕಿರಣದ ಅಂಕಿಯೋ ಅಗಲ ಕಿರಣದ ಅಂಕಿಯೋ ಎಂದು ನೋಡುವುದು ಅಭ್ಯಾಸ ಆಗಬೇಕು.

ಸೀಸವೇ ಯಾಕೆ, ಕಾಂಕ್ರೀಟ್ ಯಾಕೆ? ಕೋಬಾಲ್ಟ್ ಲೆಕ್ಕದ ಎರಡು ಗೋಡೆಗಳನ್ನು ತೂಗಿ ನೋಡಿ. 10 ಸೆಂ.ಮೀ. ಸೀಸ ಒಂದು ಚದರ ಮೀಟರ್‌ಗೆ ಸುಮಾರು 1.13 ಟನ್. 52 ಸೆಂ.ಮೀ. ಕಾಂಕ್ರೀಟ್ ಸುಮಾರು 1.2 ಟನ್. ಹೆಚ್ಚು ಕಡಿಮೆ ಒಂದೇ! ಈ ಶಕ್ತಿಯಲ್ಲಿ ಗಾಮಾ ಕಿರಣ ಮುಖ್ಯವಾಗಿ ಎಲೆಕ್ಟ್ರಾನ್‌ಗಳಿಗೆ ಡಿಕ್ಕಿ ಹೊಡೆದು ಚದುರುತ್ತದೆ. ಒಂದು ಕಿಲೋ ಸೀಸದಲ್ಲೂ ಒಂದು ಕಿಲೋ ಕಾಂಕ್ರೀಟ್‌ನಲ್ಲೂ ಎಲೆಕ್ಟ್ರಾನ್‌ಗಳ ಸಂಖ್ಯೆಯಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಹಾಗಾಗಿ ಸೀಸದಿಂದ ಉಳಿಯುವುದು ಜಾಗ, ತೂಕ ಅಲ್ಲ. ಕಡಿಮೆ ಶಕ್ತಿಗೆ ಇಳಿಯಿರಿ, ಚಿತ್ರ ಪೂರ್ತಿ ಬದಲಾಗುತ್ತದೆ. ಟೆಕ್ನೀಷಿಯಂನ 140 ಕೆಇವಿ (0.14 ಎಂಇವಿ) ಗಾಮಾಗೆ ಸೀಸದ ಅರ್ಧಪದರ ಸುಮಾರು 0.3 ಮಿಲಿಮೀಟರ್. ಅಲ್ಲಿ ಫೋಟಾನನ್ನು ಪರಮಾಣು ಪೂರ್ತಿಯಾಗಿ ನುಂಗಿಬಿಡುವುದೇ ಜಾಸ್ತಿ. ಪರಮಾಣು ಸಂಖ್ಯೆ ದೊಡ್ಡದಿದ್ದಷ್ಟೂ ಆ ನುಂಗುವ ಶಕ್ತಿ ವಿಪರೀತ ಏರುತ್ತದೆ. ಸೀಸದ ಪರಮಾಣು ಸಂಖ್ಯೆ 82.

ಎಕ್ಸ್‌ರೇ ಕೋಣೆಯಲ್ಲಿ ಹಾಕಿಕೊಳ್ಳುವ ಸೀಸದ ಏಪ್ರನ್ ಬಗ್ಗೆ ಇಲ್ಲಿ ಹೇಳಲೇಬೇಕು. ಅದು ಅರ್ಧ ಮಿಲಿಮೀಟರ್ ಸೀಸಕ್ಕೆ ಸಮ. ಚದುರಿದ ಎಕ್ಸ್‌ರೇಗೆ ಅದು ಬಹಳ ಒಳ್ಳೆಯ ರಕ್ಷಣೆ. ಅದೇ ಏಪ್ರನ್ ಹಾಕಿಕೊಂಡು ಕೋಬಾಲ್ಟ್ ಮೂಲದ ಮುಂದೆ ನಿಂತರೆ? 0.5 ಮಿ.ಮೀ. ಎಂದರೆ 12 ಮಿ.ಮೀ. ಅರ್ಧಪದರದ 24ನೇ ಒಂದು ಭಾಗ. ತಡೆಯುವುದು ನೂರಕ್ಕೆ ಸುಮಾರು 3. ಏಪ್ರನ್ ಇದೆ ಎಂಬ ಧೈರ್ಯದಲ್ಲಿ ಎರಡು ನಿಮಿಷ ಜಾಸ್ತಿ ನಿಂತವರು ಹಾಕಿಕೊಳ್ಳದವರಿಗಿಂತ ಜಾಸ್ತಿ ಡೋಸ್ ತಗೊಳ್ಳುತ್ತಾರೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಗಾಮಾ ಮತ್ತು ಎಕ್ಸ್‌ರೇಗೆ. ಆಲ್ಫಾ, ಬೀಟಾ ಕಣಗಳಿಗೆ ಅರ್ಧದ ಲೆಕ್ಕ ಇಲ್ಲ. ಅವಕ್ಕೆ ಒಂದು ಗರಿಷ್ಠ ದೂರ ಇರುತ್ತದೆ, ಅಲ್ಲಿಗೆ ನಿಲ್ಲುತ್ತವೆ. ಆಲ್ಫಾಗೆ ಒಂದು ಹಾಳೆ ಕಾಗದ ಸಾಕು. ಫಾಸ್ಫರಸ್-32ರ ಬೀಟಾ ಗಾಳಿಯಲ್ಲಿ ಕೆಲವು ಮೀಟರ್ ಹೋಗುತ್ತದೆ, ಒಂದು ಸೆಂಟಿಮೀಟರ್ ಅಕ್ರಿಲಿಕ್‌ನಲ್ಲಿ ನಿಲ್ಲುತ್ತದೆ. ಅದಕ್ಕೆ ನೇರವಾಗಿ ಸೀಸ ಇಟ್ಟರೆ ತಪ್ಪು. ಭಾರವಾದ ಪರಮಾಣುಗಳ ಹತ್ತಿರ ಬೀಟಾ ಗಕ್ಕನೆ ನಿಂತಾಗ ಎಕ್ಸ್‌ರೇ ಹುಟ್ಟುತ್ತದೆ. ಮೊದಲು ಪ್ಲಾಸ್ಟಿಕ್, ಬೇಕಾದರೆ ಅದರ ಹೊರಗೆ ಸೀಸ. ನ್ಯೂಟ್ರಾನ್‌ಗೂ ಇದೇ ಕ್ರಮ, ಕಾರಣ ಮಾತ್ರ ಬೇರೆ. ಸೀಸದ ಪರಮಾಣು ಬೀಜಕ್ಕೆ (ನ್ಯೂಕ್ಲಿಯಸ್‌ಗೆ) ಬಡಿದ ನ್ಯೂಟ್ರಾನ್ ಹೆಚ್ಚು ಶಕ್ತಿ ಕಳೆದುಕೊಳ್ಳದೆ ಹಾಗೇ ಪುಟಿಯುತ್ತದೆ. ತನ್ನಷ್ಟೇ ತೂಕದ ಹೈಡ್ರೋಜನ್‌ಗೆ ಬಡಿದರೆ ಶಕ್ತಿ ಬಿಟ್ಟುಕೊಡುತ್ತದೆ. ಆದ್ದರಿಂದ ನೀರು, ಪ್ಯಾರಾಫಿನ್, ಪಾಲಿಥಿಲೀನ್. ನಿಧಾನ ಆದ ನ್ಯೂಟ್ರಾನನ್ನು ಹೈಡ್ರೋಜನ್ ಹಿಡಿದುಕೊಂಡಾಗ 2.2 ಎಂಇವಿ ಗಾಮಾ ಹೊರಡುತ್ತದೆ. ಅದನ್ನು ತಡೆಯಲು ಹೊರಗಡೆ ಸೀಸ ಬೇಕು.

ದಪ್ಪ ಸರಿ ಇದ್ದರೂ ಗೋಡೆ ಸೋಲುವುದು ಸಂದಿಯಲ್ಲಿ. ನಮ್ಮ 10 ಸೆಂ.ಮೀ. ಸೀಸದ ಗೋಡೆಯಲ್ಲಿ ಎರಡು ಇಟ್ಟಿಗೆಗಳ ನಡುವೆ ನೇರ ಬಿರುಕು ಬಿಟ್ಟಿದೆ ಎಂದುಕೊಳ್ಳಿ. ಆ ಬಿರುಕಿನ ನೇರಕ್ಕೆ ಡೋಸ್ 10 ಇರುವುದಿಲ್ಲ, 3250ರ ಕಡೆಗೆ ಓಡುತ್ತದೆ. ಸೀಸದ ಇಟ್ಟಿಗೆಗಳ ಅಂಚನ್ನು ನೇರವಾಗಿ ಕತ್ತರಿಸದೆ, ಒಂದರೊಳಗೊಂದು ಕೂರುವ ಹಾಗೆ ಮೂಲೆ ಮಾಡುವುದು ಇದಕ್ಕೆ. ಗೋಡೆ ದಾಟುವ ಪೈಪ್ ಮತ್ತು ಕೇಬಲ್‌ಗಳನ್ನು ಬಾಗಿಸಿ ಒಯ್ಯುವುದೂ ಇದಕ್ಕೆ. ಈ ದೃಷ್ಟಿಯಲ್ಲಿ ನೀರಿನಷ್ಟು ಒಳ್ಳೆಯ ಕವಚ ಇನ್ನೊಂದಿಲ್ಲ. ವೈದ್ಯಕೀಯ ಸಾಮಾನುಗಳನ್ನು ಕ್ರಿಮಿಶುದ್ಧ ಮಾಡುವ ದೊಡ್ಡ ಕೋಬಾಲ್ಟ್ ಘಟಕಗಳಲ್ಲಿ, ಬಳಸದ ಹೊತ್ತಿನಲ್ಲಿ ಮೂಲವನ್ನು ಸುಮಾರು ಆರು ಮೀಟರ್ ಆಳದ ನೀರಿನ ಕೊಳಕ್ಕೆ ಇಳಿಸುತ್ತಾರೆ. ನೀರಿನಲ್ಲಿ ಬಿರುಕು ಬಿಡುವುದಿಲ್ಲ. ಒಳಗಿರುವುದು ಕಣ್ಣಿಗೂ ಕಾಣುತ್ತದೆ, ವಿಕಿರಣ ನೀರಿನಲ್ಲಿ ಹುಟ್ಟಿಸುವ ನೀಲಿ ಬೆಳಕಿನ ಸಮೇತ.

ಕಾಲ ಕಳೆದಂತೆ ಡೋಸ್ ಇಳಿಯಲೇಬೇಕು ಎಂಬ ನಂಬಿಕೆಯನ್ನೂ ಸ್ವಲ್ಪ ಅಲ್ಲಾಡಿಸಬೇಕು. ಈಗಷ್ಟೇ ಶುದ್ಧ ಮಾಡಿ ಮುಚ್ಚಿದ ರೇಡಿಯಂ-226ರ ಗಾಮಾ ಮೊದಲು ಕೆಲವು ವಾರ ಏರುತ್ತದೆ. ರೇಡಿಯಂನ ಅರ್ಧಾಯು 1600 ವರ್ಷ. ಅದರಿಂದ ಹುಟ್ಟುವ ರೇಡಾನ್‌ನದು 3.8 ದಿನ. ಜೋರಾದ ಗಾಮಾ ಬರುವುದು ರೇಡಾನ್ ಆದ ಮೇಲಿನ ಸೀಸ-214 ಮತ್ತು ಬಿಸ್ಮತ್-214ರಿಂದ. ಅವು ತುಂಬಿಕೊಳ್ಳಲು ಸುಮಾರು ಒಂದು ತಿಂಗಳು ಬೇಕು. ಮೊದಲ ದಿನದ ಅಳತೆ ನಂಬಿ ಕವಚ ಮಾಡಿದರೆ ತಿಂಗಳ ಕೊನೆಗೆ ಅದು ಸಾಲದು. ಸೀಸಿಯಂನಲ್ಲೂ ಗಾಮಾ ಕೊಡುವುದು ಸೀಸಿಯಂ ಅಲ್ಲ, ಅದರ ಮಗು ಬೇರಿಯಂ-137ಎಂ. ಅದರ ಅರ್ಧಾಯು ಎರಡೂವರೆ ನಿಮಿಷ ಮಾತ್ರ. ಅಷ್ಟು ಬೇಗ ತುಂಬಿಕೊಳ್ಳುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ.

ಕೊನೆಯಲ್ಲಿ ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ ಚೆನ್ನಾಗಿತ್ತು: ಇಷ್ಟು ವರ್ಷ ವಿಕಿರಣ ಹೀರಿದ ಗೋಡೆಯೇ ವಿಕಿರಣಶೀಲ ಆಗುವುದಿಲ್ಲವೇ? ಕೋಬಾಲ್ಟ್, ಸೀಸಿಯಂ, ಇರಿಡಿಯಂಗಳ ಗಾಮಾದಿಂದ ಆಗುವುದಿಲ್ಲ. ಆ ಶಕ್ತಿ ಗೋಡೆಯ ಪರಮಾಣು ಬೀಜಗಳನ್ನು ಬದಲಿಸಲು ಸಾಲದು. ಹೀರಿದ ಶಕ್ತಿ ಕೊನೆಗೆ ಅತ್ಯಲ್ಪ ಬಿಸಿಯಾಗಿ ಮುಗಿಯುತ್ತದೆ. ಮೂಲವನ್ನು ತೆಗೆದೊಯ್ದ ಕ್ಷಣದಿಂದ ಆ ಕೋಣೆ ಬೇರೆ ಕೋಣೆಗಳ ಹಾಗೆಯೇ. ನ್ಯೂಟ್ರಾನ್ ಇದ್ದರೆ ಕಥೆ ಬೇರೆ. ಚಿಕಿತ್ಸೆಗೆ ಜೋರಾದ ಎಕ್ಸ್‌ರೇ ಕೊಡುವ ಲಿನಿಯರ್ ಆಕ್ಸಿಲರೇಟರ್ ಯಂತ್ರಗಳನ್ನು 10 ಎಂವಿಗಿಂತ (ಒಂದು ಕೋಟಿ ವೋಲ್ಟ್‌ಗಿಂತ) ಮೇಲೆ ನಡೆಸಿದಾಗ ನ್ಯೂಟ್ರಾನ್ ಗಮನಾರ್ಹವಾಗಿ ಹುಟ್ಟುತ್ತದೆ. ಅದು ಯಂತ್ರದ ಭಾಗಗಳನ್ನು ಸ್ವಲ್ಪ ಮಟ್ಟಿಗೆ ವಿಕಿರಣಶೀಲ ಮಾಡುತ್ತದೆ. ಅಲ್ಲಿ ಹುಟ್ಟುವ ಅಲ್ಯೂಮಿನಿಯಂ-28ರ ಅರ್ಧಾಯು 2.24 ನಿಮಿಷ. ಬೀಮ್ ನಿಂತ ಮೇಲೆ ಏಳು ನಿಮಿಷ ಬಿಟ್ಟು ಒಳಗೆ ಹೋದರೆ ಮೂರು ಅರ್ಧ ಕಳೆದಿರುತ್ತದೆ, ಆ ಭಾಗ ಎಂಟನೇ ಒಂದಕ್ಕೆ ಇಳಿದಿರುತ್ತದೆ. ಅಲ್ಲಿ ಅರ್ಧಾಯು ಜಾಸ್ತಿ ಇರುವ ಬೇರೆ ಪರಮಾಣುಗಳೂ ಇರುವುದರಿಂದ, ಯಂತ್ರದ ತಲೆ ಬಿಚ್ಚುವ ಕೆಲಸ ಇದ್ದರೆ ಕೈಯಲ್ಲಿ ಮೀಟರ್ ಹಿಡಿದೇ ಒಳಗೆ ಹೋಗಿ.